ಸರ್ವರ್ ಇಲ್ಲ ಅಂದರೆ ಅದು ಯಾರ ಕೆಲಸ?

ಕಳೆದ ಮಳೆಗಾಲದಲ್ಲಿ ಅಮ್ಮ ಒಂದು ಸರ್ಟಿಫಿಕೇಟಿಗೆ ಅರ್ಜಿ ಕೊಡಲು ಮೂರು ಸಲ ಪೇಟೆಗೆ ಹೋಗಿ ಬಂದಳು. ಮೊದಲ ದಿನ ಕರೆಂಟ್ ಇರಲಿಲ್ಲ. ಎರಡನೇ ದಿನ ಕರೆಂಟ್ ಇತ್ತು, ಸರ್ವರ್ ಇರಲಿಲ್ಲ. ಮೂರನೇ ದಿನ ಎರಡೂ ಇತ್ತು. ಆದರೆ ಹೆಸರು, ಊರು, ಆಧಾರ್ ನಂಬರ್ ಎಲ್ಲ ತುಂಬಿಸಿ ಕೊನೆಯ ಬಟನ್ ಒತ್ತುವ ಹೊತ್ತಿಗೆ ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಪುನಃ ಮೊದಲಿನಿಂದ ತುಂಬಿಸಬೇಕಾಯಿತು. ನಮ್ಮ ಮನೆಯಿಂದ ನೆಲ್ಯಾಡಿ ಪೇಟೆಗೆ ಅರ್ಧ ದಾರಿ ನಡಿಗೆ, ಅರ್ಧ ದಾರಿ ಜೀಪು. ಅಮ್ಮ ಬೀಡಿ ಕಟ್ಟುತ್ತಾಳೆ. ಮೂರು ದಿನದ ಬೀಡಿ ಹೋಯಿತು ಎಂಬುದು ಅವಳ ಲೆಕ್ಕ.

ರಾತ್ರಿ ಊಟಕ್ಕೆ ಕುಳಿತಾಗ ಕೇಳಿದಳು: ‘ನೀನು ಓದುವುದು ಕಂಪ್ಯೂಟರೇ ಅಲ್ವಾ? ಈ ಸರ್ವರ್ ಇಲ್ಲ, ಸರ್ವರ್ ಇಲ್ಲ ಅಂತಾರಲ್ಲ, ಅದು ಇರುವ ಹಾಗೆ ನೋಡಿಕೊಳ್ಳುವುದು ಯಾರ ಕೆಲಸ?’

‘ಅದಕ್ಕೆಲ್ಲ ಬೇರೆ ಜನ ಇರ್ತಾರೆ ಅಮ್ಮ’ ಎಂದು ಸಾರು ಬಡಿಸಿಕೊಂಡೆ. ಆಮೇಲೆ ಯೋಚಿಸಿದರೆ ಆ ಬೇರೆ ಜನಕ್ಕೆ ಒಂದು ಹೆಸರಿದೆ. ಅದೂ ನಮ್ಮ ಕ್ಲಾಸಿನಲ್ಲಿ ಅರ್ಧದಷ್ಟು ಮಂದಿ ತಮ್ಮ ಲಿಂಕ್ಡ್‌ಇನ್ ಪುಟದಲ್ಲಿ ‘ಮುಂದೆ ಆಗಬೇಕಾದದ್ದು’ ಎಂದು ಬರೆದುಕೊಂಡಿರುವ ಹೆಸರು: ಕ್ಲೌಡ್ ಆರ್ಕಿಟೆಕ್ಟ್.

ನಾನೂ ಬರೆದುಕೊಂಡಿದ್ದೆ. ಮೊಬೈಲ್ ತೆರೆದರೆ ಸಾಕು, ‘ಮೂರೇ ತಿಂಗಳಲ್ಲಿ ಕ್ಲೌಡ್ ಆರ್ಕಿಟೆಕ್ಟ್ ಆಗಿ’ ಎನ್ನುವ ಜಾಹೀರಾತು. ಕೋಟು ಹಾಕಿದ ಒಬ್ಬ ಯುವಕ, ಹಿಂದೆ ನೀಲಿ ಮೋಡ, ಪಕ್ಕದಲ್ಲಿ ವರ್ಷಕ್ಕೆ ಇಷ್ಟು ಲಕ್ಷ ಎಂಬ ಸಂಖ್ಯೆ. ಅಮ್ಮನ ಪ್ರಶ್ನೆಗೂ ಈ ಚಿತ್ರಕ್ಕೂ ಸಂಬಂಧವೇ ಇಲ್ಲ ಎಂದು ನನಗೆ ಅನಿಸತೊಡಗಿದ್ದು ಆ ರಾತ್ರಿ. ನಾವು ಈ ಹುದ್ದೆಯ ಸಂಬಳವನ್ನು ಚೆನ್ನಾಗಿ ತಿಳಿದುಕೊಂಡಿದ್ದೇವೆ, ಹೊಣೆಯನ್ನು ತಿಳಿದುಕೊಂಡಿಲ್ಲ. ಯಾವುದು, ಯಾವಾಗ, ಹೇಗೆ ಕೆಡಬಹುದು, ಕೆಟ್ಟಾಗ ಯಾರು ಹೊರಗೆ ಮಳೆಯಲ್ಲಿ ನಿಲ್ಲುತ್ತಾರೆ ಎಂಬುದನ್ನು ಕೆಡುವ ಮೊದಲೇ ಯೋಚಿಸಿ, ಬರೆದು, ಕೆಳಗೆ ತನ್ನ ಹೆಸರು ಹಾಕುವುದೇ ಆ ಹೊಣೆ. ಉಳಿದದ್ದೆಲ್ಲ ಅದರ ಸಾಮಗ್ರಿ.

ಕ್ಲೌಡ್ ಎಂದರೇನು ಎಂದು ಈ ಪುಟ ಓದುವವರಿಗೆ ಉದ್ದಕ್ಕೆ ವಿವರಿಸಬೇಕಿಲ್ಲ. ಬೇರೆಯವರ ಕಂಪ್ಯೂಟರನ್ನು ಬೇಕಾದಷ್ಟು ಹೊತ್ತಿಗೆ ಬಾಡಿಗೆಗೆ ಪಡೆಯುವುದು. ಅಮೆಜಾನ್ 2006ರಲ್ಲಿ ಈ ಬಾಡಿಗೆ ವ್ಯಾಪಾರ ಶುರುಮಾಡಿತು. 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ ಬಂತು. ಕೇಂದ್ರ ಸರ್ಕಾರದ್ದೇ ‘ಮೇಘರಾಜ್’ ಎಂಬ ಯೋಜನೆಯಿದೆ. ವಿಟಿಯು ವಿದ್ಯಾರ್ಥಿಗಳು ಈ ವಿಷಯಕ್ಕೆ ಓದುವ ‘ಮಾಸ್ಟರಿಂಗ್ ಕ್ಲೌಡ್ ಕಂಪ್ಯೂಟಿಂಗ್’ ಪುಸ್ತಕದ ಮೊದಲ ಲೇಖಕ ರಾಜ್‌ಕುಮಾರ್ ಬುಯ್ಯ. ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿ.ಇ., ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಇ. ಮಾಡಿ ಈಗ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿರುವವರು. ಅವರ ಪ್ರಯೋಗಾಲಯದ ‘ಕ್ಲೌಡ್‌ಸಿಮ್’ ಇಟ್ಟುಕೊಂಡು ಒಂದು ರೂಪಾಯಿ ಬಾಡಿಗೆ ಕಟ್ಟದೆ ನಮ್ಮ ಲ್ಯಾಪ್‌ಟಾಪಿನಲ್ಲೇ ಕ್ಲೌಡ್ ಹೇಗೆ ವರ್ತಿಸುತ್ತದೆ ಎಂದು ನೋಡಬಹುದು. ಇಷ್ಟು ಹತ್ತಿರದವರೇ ಬರೆದ ಪುಸ್ತಕ ನಮ್ಮ ಕೈಯಲ್ಲಿದ್ದರೂ ನಾವು ಓದುವುದು ಪರೀಕ್ಷೆಯ ಹಿಂದಿನ ರಾತ್ರಿ, ಅದೂ ಯಾರೋ ಮಾಡಿದ ನೋಟ್ಸ್. ಆ ಮಾತು ಬಿಡಿ.

ಮನೆ ಕಟ್ಟಿಸುವವರಿಗೆ ಮೇಸ್ತ್ರಿ ಬೇರೆ, ಎಂಜಿನಿಯರ್ ಬೇರೆ ಎಂಬುದು ಗೊತ್ತು. ಇಲ್ಲೂ ಹಾಗೆಯೇ. ಕೋಡ್ ಬರೆಯುವವರು ಡೆವಲಪರ್. ಅದನ್ನು ಸರ್ವರಿಗೆ ಏರಿಸಿ, ದಿನವೂ ನಡೆಯುವಂತೆ ನೋಡಿಕೊಳ್ಳುವವರು ಡೆವ್‌ಆಪ್ಸ್ ಅಥವಾ ಕ್ಲೌಡ್ ಎಂಜಿನಿಯರ್. ಯಾವ ಡೇಟಾ ಎಲ್ಲಿರಬೇಕು, ಎಷ್ಟು ಪ್ರತಿ ಇರಬೇಕು, ಯಾರಿಗೆ ಯಾವ ಬಾಗಿಲಿನ ಕೀಲಿ, ಜನ ಹತ್ತು ಪಟ್ಟು ಬಂದರೆ ಏನಾಗಬೇಕು, ತಿಂಗಳಿಗೆ ಬಿಲ್ ಎಷ್ಟು ಬರಬಹುದು ಎಂದು ತೀರ್ಮಾನಿಸುವವರು ಆರ್ಕಿಟೆಕ್ಟ್.

ನಮ್ಮೂರಿನ ಒಬ್ಬ ಅಣ್ಣ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಾರೆ. ಹನ್ನೊಂದು ವರ್ಷದ ಅನುಭವ. ದೀಪಾವಳಿಗೆ ಊರಿಗೆ ಬಂದಾಗ ನನ್ನ ಮಿನಿ ಪ್ರಾಜೆಕ್ಟಿನ ಚಿತ್ರವನ್ನು ಅವರ ಮುಂದೆ ಹರಡಿದೆ. ಹಾಲಿನ ಸೊಸೈಟಿಗೆ ಒಂದು ಆ್ಯಪ್. ಬೆಳಿಗ್ಗೆ ಹಾಲು ಅಳೆದ ಕೂಡಲೇ ಲೀಟರ್ ಮತ್ತು ಫ್ಯಾಟ್ ಕ್ಲೌಡಿಗೆ ಹೋಗಬೇಕು, ಹಾಲು ಹಾಕಿದವರ ಮೊಬೈಲಿಗೆ ಮೆಸೇಜ್ ಬರಬೇಕು. ನಾನು ಲೋಡ್ ಬ್ಯಾಲೆನ್ಸರ್, ಎರಡು ಸರ್ವರ್, ಡೇಟಾಬೇಸ್ ಎಲ್ಲವನ್ನೂ ಬಣ್ಣಬಣ್ಣದ ಚೌಕಗಳಲ್ಲಿ ಅಚ್ಚುಕಟ್ಟಾಗಿ ಬರೆದಿದ್ದೆ. ಲ್ಯಾಬಿನಲ್ಲಿ ಪೂರ್ತಿ ಅಂಕ ಬಂದಿತ್ತು.

ಅವರು ಚೌಕಗಳನ್ನು ನೋಡಲೇ ಇಲ್ಲ. ‘ಬೆಳಿಗ್ಗೆ ಆರೂವರೆಗೆ ನಿಮ್ಮ ಸೊಸೈಟಿಯಲ್ಲಿ ನೆಟ್‌ವರ್ಕ್ ಇರ್ತದಾ?’ ಎಂದು ಕೇಳಿದರು. ಇರುವುದಿಲ್ಲ. ರಾತ್ರಿ ಕರೆಂಟ್ ಹೋದರೆ ಬೆಳಗಾಗುವಷ್ಟರಲ್ಲಿ ಟವರಿನ ಬ್ಯಾಟರಿಯೂ ಮುಗಿದಿರುತ್ತದೆ. ‘ಹಾಗಾದರೆ ಆ ಹೊತ್ತಿನಲ್ಲಿ ಕ್ಯಾನ್ ಹಿಡಿದುಕೊಂಡು ನಿಂತ ನಿನ್ನ ಚಿಕ್ಕಮ್ಮನಿಗೆ ನೀನು ಏನು ಹೇಳ್ತೀ? ಸರ್ವರ್ ಇಲ್ಲ ಅಂತಲೇ?’

ಆಮೇಲೆ ತಮ್ಮ ಕೆಲಸದ ಬಗ್ಗೆ ಹೇಳಿದರು. ದಿನದ ಹೆಚ್ಚು ಹೊತ್ತು ಅವರು ಕೋಡ್ ಬರೆಯುವುದಿಲ್ಲ, ಪತ್ರ ಬರೆಯುತ್ತಾರಂತೆ. ‘ಇಂಥ ಡೇಟಾಬೇಸ್ ಆರಿಸಿದ್ದೇವೆ, ಇಂಥ ಕಾರಣಕ್ಕೆ, ಇದರಿಂದ ಇಂಥ ತೊಂದರೆ ಬರಬಹುದು, ಅದನ್ನು ಒಪ್ಪಿಕೊಂಡಿದ್ದೇವೆ’ ಎಂದು ಒಂದೊಂದು ನಿರ್ಧಾರಕ್ಕೂ ಒಂದು ಪುಟ. ಎರಡು ವರ್ಷ ಕಳೆದು ಬೇರೆ ಯಾರೋ ಬಂದು ‘ಯಾಕೆ ಹೀಗೆ ಮಾಡಿದಿರಿ’ ಎಂದರೆ ಉತ್ತರ ಸಿಗಬೇಕು. ಉಳಿದ ಹೊತ್ತು ಮೀಟಿಂಗಿನಲ್ಲಿ ‘ಆಗುವುದಿಲ್ಲ’ ಎನ್ನುವುದು. ಸೋಮವಾರ ಬಿಡುಗಡೆ ಮಾಡಲೇಬೇಕು ಎನ್ನುವವರಿಗೆ, ಬ್ಯಾಕಪ್ ಪರೀಕ್ಷೆ ಆಗದೆ ಆಗುವುದಿಲ್ಲ ಎನ್ನುವುದು. ಮೆತ್ತಗೆ ಹೇಳಬೇಕು, ಆದರೆ ಹೇಳಬೇಕು. ಇದನ್ನು ಯಾವ ಜಾಹೀರಾತೂ ತೋರಿಸುವುದಿಲ್ಲ.

ಅವರು ಹೇಳಿಕೊಟ್ಟ ಎರಡು ಪ್ರಶ್ನೆಗಳು ಪಠ್ಯದಲ್ಲೂ ಇವೆ, ಆದರೆ ನಾನು ಅವನ್ನು ಎರಡು ಅಂಕದ ಉತ್ತರವಾಗಿ ಬಾಯಿಪಾಠ ಮಾಡಿದ್ದೆ. ಒಂದು ಆರ್‌ಟಿಒ. ಲೈಸೆನ್ಸ್ ಕೊಡುವ ಆಫೀಸ್ ಅಲ್ಲ. ವ್ಯವಸ್ಥೆ ಬಿದ್ದರೆ ಎಷ್ಟು ಹೊತ್ತಿನೊಳಗೆ ಎದ್ದು ನಿಲ್ಲಬೇಕು ಎಂಬ ಗಡುವು. ಇನ್ನೊಂದು ಆರ್‌ಪಿಒ. ಬಿದ್ದಾಗ ಎಷ್ಟು ಹೊತ್ತಿನ ಲೆಕ್ಕ ಕಳೆದುಹೋದರೆ ಸಹಿಸಬಹುದು ಎಂಬ ಮಿತಿ. ಹಾಲಿನ ಸೊಸೈಟಿಯಲ್ಲಿ ಮಧ್ಯಾಹ್ನ ಎರಡು ಗಂಟೆ ಆ್ಯಪ್ ಸತ್ತರೂ ಯಾರಿಗೂ ಏನೂ ಆಗದು. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಹತ್ತು ನಿಮಿಷವೂ ಸಾಯಬಾರದು. ಮತ್ತು ಒಬ್ಬರ ಒಂದು ಲೀಟರಿನ ಲೆಕ್ಕವೂ ಕಳೆಯಬಾರದು, ಕಳೆದರೆ ಸೊಸೈಟಿಯ ಮುಂದೆ ಜಗಳ. ಈ ಉತ್ತರ ಯಾವ ಕ್ಲೌಡ್ ಕಂಪನಿಯ ಕೈಪಿಡಿಯಲ್ಲೂ ಸಿಗದು. ಸೊಸೈಟಿಯ ಮೆಟ್ಟಿಲ ಮೇಲೆ ಕುಳಿತವನಿಗೆ ಮಾತ್ರ ಗೊತ್ತು.

‘ಶೇ 99.9 ಲಭ್ಯತೆ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಕೇಳಲು ಚಿನ್ನದಂತಿದೆ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಕೆಟ್ಟು ನಿಲ್ಲಬಹುದು ಎಂದರ್ಥ. ಇನ್ನೊಂದು 9 ಸೇರಿಸಿ ಶೇ 99.99 ಮಾಡಿದರೆ 53 ನಿಮಿಷಕ್ಕೆ ಇಳಿಯುತ್ತದೆ, ಆದರೆ ಖರ್ಚು ಎಷ್ಟೋ ಮೇಲಕ್ಕೆ ಏರುತ್ತದೆ. ಇನ್ನು ಅಮ್ಮನ ಅರ್ಜಿ ಒಂದೇ ಯಂತ್ರದ ಮೇಲೆ ನಿಂತಿರಲಿಕ್ಕಿಲ್ಲ. ಪೋರ್ಟಲ್, ಆಧಾರ್ ಪರಿಶೀಲನೆ, ಒಟಿಪಿ ಕಳಿಸುವ ಸೇವೆ, ಡೇಟಾಬೇಸ್, ಶುಲ್ಕ ಕಟ್ಟುವ ವ್ಯವಸ್ಥೆ ಎಂದು ಐದು ಕೊಂಡಿಗಳಿವೆ ಎಂದುಕೊಳ್ಳಿ. ಪ್ರತಿಯೊಂದೂ ಶೇ 99.9 ಇದ್ದು, ಒಂದೊಂದು ತನ್ನಷ್ಟಕ್ಕೆ ಬೇರೆಬೇರೆ ಹೊತ್ತಿನಲ್ಲಿ ಕೆಟ್ಟರೆ ಒಟ್ಟು ಸರಪಳಿ ವರ್ಷಕ್ಕೆ 43 ಗಂಟೆಗೂ ಹೆಚ್ಚು ಕಡಿದಿರುತ್ತದೆ. ಐದೂ ಇಲಾಖೆಯವರು ‘ನಮ್ಮದು ಸರಿ ಇದೆ’ ಎಂದು ಸತ್ಯವನ್ನೇ ಹೇಳಬಹುದು. ಅಮ್ಮ ಮಾತ್ರ ಪುನಃ ಜೀಪು ಹತ್ತಬೇಕು. ಇಡೀ ಸರಪಳಿ ತನ್ನದು ಎಂದು ಹೇಳುವ ಒಬ್ಬರು ಬೇಕು. ಅವರೇ ಆರ್ಕಿಟೆಕ್ಟ್.

ಬ್ಯಾಕಪ್ ಎಂದರೇನೆಂದು ನನಗೆ ಮೊದಲು ಕಲಿಸಿದ್ದು ಪಠ್ಯವಲ್ಲ, ನಮ್ಮ ಘಾಟಿ. ನೆಲ್ಯಾಡಿಯ ಮೂಲಕ ಹಾದುಹೋಗುವ ಮಂಗಳೂರು–ಬೆಂಗಳೂರು ಹೆದ್ದಾರಿ ಗುಂಡ್ಯ ದಾಟಿ ಶಿರಾಡಿ ಏರುತ್ತದೆ. ಅದು ಮುಚ್ಚಿದರೆ ಏನು ಎಂದು ಕೇಳಿದರೆ ಸಣ್ಣ ಮಕ್ಕಳೂ ಹೇಳುತ್ತಾರೆ: ಚಾರ್ಮಾಡಿ ಇದೆ, ಸಂಪಾಜೆ ಇದೆ, ರೈಲಿದೆ. ಕಾಗದದ ಮೇಲೆ ನಾಲ್ಕು ದಾರಿ. 2018ರ ಆಗಸ್ಟ್‌ನಲ್ಲಿ ನಾನು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಶಿರಾಡಿಯಲ್ಲಿ ಗುಡ್ಡ ಜರಿಯಿತು, ಅದೇ ಹೊತ್ತಿಗೆ ಸಂಪಾಜೆ ಬದಿಯಲ್ಲಿ ಜೋಡುಪಾಲದ ದುರಂತವಾಗಿ ಮಡಿಕೇರಿ ರಸ್ತೆ ಕಡಿಯಿತು, ಸುಬ್ರಹ್ಮಣ್ಯ–ಸಕಲೇಶಪುರ ರೈಲು ಹಳಿಯ ಮೇಲೂ ಮಣ್ಣು ಬಿತ್ತು. ಮರುವರ್ಷ ಚಾರ್ಮಾಡಿಯ ಸರದಿ. 2024ರ ಜುಲೈಯಲ್ಲಿ ಶಿರಾಡಿಯೂ ರೈಲು ಮಾರ್ಗವೂ ಒಟ್ಟಿಗೆ ಬಂದ್ ಆದವು. ಹೆದ್ದಾರಿ ಬದಿಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡುತ್ತ ಬೆಳೆದವರು ನಾವು. ನಾಲ್ಕು ದಾರಿ ಇದ್ದರೂ ನಾಲ್ಕಕ್ಕೂ ಮಳೆ ಒಂದೇ, ಗುಡ್ಡ ಒಂದೇ. ಅದನ್ನು ನಾಲ್ಕು ಎಂದು ಎಣಿಸಿದ್ದು ತಪ್ಪು.

ಕ್ಲೌಡಿನಲ್ಲಿ ಇದಕ್ಕೆ ಉತ್ತರವಾಗಿ ‘ಅವೈಲಬಿಲಿಟಿ ಝೋನ್’ ಎಂಬ ವ್ಯವಸ್ಥೆಯಿದೆ. ಒಂದೇ ನಗರದ ಸುತ್ತ ಬೇರೆ ಬೇರೆ ಕಟ್ಟಡಗಳು, ಬೇರೆ ಬೇರೆ ವಿದ್ಯುತ್ ಸಂಪರ್ಕ. ಇನ್ನೂ ಎಚ್ಚರ ಬೇಕೆಂದರೆ ಇನ್ನೊಂದು ಪ್ರತಿ ಮುಂಬೈ ಬಿಟ್ಟು ಹೈದರಾಬಾದಿನಲ್ಲಿ. ಇವೆಲ್ಲ ಸಿಗುತ್ತವೆ, ಆದರೆ ತಾನಾಗಿ ಬರುವುದಿಲ್ಲ; ಆರಿಸಿ, ಹಣ ಕೊಟ್ಟು, ಪರೀಕ್ಷಿಸಬೇಕು. ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾದ ಉದಾಹರಣೆ ಸಾಕು. 2025ರ ಸೆಪ್ಟೆಂಬರ್ 26ರಂದು ಡೇಜಿಯಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿತು. 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ‘ಜಿ-ಡ್ರೈವ್’ ಎಂಬ ಸಂಗ್ರಹದ 858 ಟೆರಾಬೈಟ್ ದತ್ತಾಂಶ ಸುಟ್ಟುಹೋಯಿತು. ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ. ಗಾತ್ರ ತುಂಬ ದೊಡ್ಡದು, ಬೇರೆಡೆ ಪ್ರತಿ ಇಡುವುದು ಕಷ್ಟ ಎಂಬ ಕಾರಣಕ್ಕೆ. ಜಗತ್ತಿಗೇ ಮೆಮೊರಿ ಚಿಪ್ ಮಾರುವ ದೇಶದ ಕಥೆ ಇದು.

ಇಂಥ ನಿರ್ಧಾರದ ಹಿಂದೆ ಸಾಮಾನ್ಯವಾಗಿ ದಡ್ಡತನ ಇರುವುದಿಲ್ಲ, ಬಜೆಟ್ ಇರುತ್ತದೆ. ‘ಟೆಂಡರಿನಲ್ಲಿ ಕಡಿಮೆ ಹೇಳಿದವರಿಗೆ ಕೆಲಸ ಹೋಗುತ್ತದೆ, ಆರ್ಕಿಟೆಕ್ಟ್ ಏನು ಮಾಡಲು ಸಾಧ್ಯ’ ಎಂದು ನನ್ನ ಗೆಳೆಯ ವಾದಿಸುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ಹಣ ಕೊಡುವುದು, ಬಿಡುವುದು ಮೇಲಿನವರ ಕೈಯಲ್ಲಿದೆ. ಆದರೆ ‘ಹಣ ಕೊಡದಿದ್ದರೆ ಬೆಂಕಿ ಬಿದ್ದ ದಿನ ಇಷ್ಟು ಕಡತ ಹೋಗುತ್ತದೆ’ ಎಂದು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡುವುದು ಆರ್ಕಿಟೆಕ್ಟನ ಕೈಯಲ್ಲೇ ಇದೆ. ಅಷ್ಟನ್ನೂ ಮಾಡದವನು ಬರೀ ಚೌಕ ಬರೆಯುವವನು.

ನಮ್ಮ ರಾಜ್ಯದಲ್ಲೂ ಕಲಿಯಲು ಬೇಕಾದಷ್ಟಿದೆ. 2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಸೇವಾ ಸಿಂಧು ಮೂಲಕ ಶುರುವಾಯಿತು. ಎಲ್ಲರಿಗೂ ಒಂದೇ ದಿನ ಬಾಗಿಲು ತೆರೆಯಿತು, ಎಲ್ಲರೂ ಒಂದೇ ದಿನ ನುಗ್ಗಿದರು, ಮೊದಲ ದಿನಗಳಲ್ಲಿ ಸರ್ವರ್ ಏದುಸಿರು ಬಿಟ್ಟಿತು. ಒಂದು ತಿಂಗಳ ನಂತರ, ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಆರಂಭವಾದಾಗ ಬೇರೆ ದಾರಿ ಹಿಡಿದರು. ಮನೆ ಯಜಮಾನಿಯ ಮೊಬೈಲಿಗೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಎಂಬ ಸಂದೇಶ ಹೋಗುವ ಏರ್ಪಾಡು. ಒಂದು ಕೋಟಿಗೂ ಹೆಚ್ಚು ಕುಟುಂಬಗಳ ಲೆಕ್ಕವದು. ಗೃಹಲಕ್ಷ್ಮಿಗೂ ಸರ್ವರ್ ತೊಂದರೆ ತಪ್ಪಲಿಲ್ಲ, ಸಾಲೂ ತಪ್ಪಲಿಲ್ಲ. ಆದರೂ ನನಗೆ ಆ ಎಸ್ಸೆಮ್ಮೆಸ್ ಒಂದು ಒಳ್ಳೆಯ ಆರ್ಕಿಟೆಕ್ಚರ್ ನಿರ್ಧಾರವಾಗಿ ಕಾಣುತ್ತದೆ. ನೂರು ಸರ್ವರ್ ಸೇರಿಸುವ ಬದಲು ಜನ ಬರುವ ಹೊತ್ತನ್ನೇ ಹರಡುವುದು. ಮದುವೆ ಮನೆಯಲ್ಲಿ ಪಂಕ್ತಿ ಮೇಲೆ ಪಂಕ್ತಿ ಕೂರಿಸುವವರಿಗೆ ಇದು ಹೊಸ ವಿದ್ಯೆಯಲ್ಲ.

ಒಂದೇ ಬಟನನ್ನು ಪುನಃ ಪುನಃ ಒತ್ತುವುದರಿಂದ ಏನಾಗುತ್ತದೆ ಎಂಬುದೂ ಆರ್ಕಿಟೆಕ್ಟ್ ಯೋಚಿಸಬೇಕಾದ ಸಂಗತಿ. 2025ರ ಏಪ್ರಿಲ್ 12ರಂದು ದೇಶದಲ್ಲಿ ಯುಪಿಐ ಗಂಟೆಗಟ್ಟಲೆ ಕೈಕೊಟ್ಟದ್ದು ನೆನಪಿರಬಹುದು. ಅಂಗಡಿಯಲ್ಲಿ ಚಿಲ್ಲರೆ ಇಲ್ಲದೆ ನಿಂತವರು ನಾವೆಲ್ಲ. ಹೊರಗಿನಿಂದ ಯಾರೂ ದಾಳಿ ಮಾಡಿರಲಿಲ್ಲ. ಕೆಲವು ಬ್ಯಾಂಕುಗಳ ವ್ಯವಸ್ಥೆಗಳು ‘ಆ ಪಾವತಿ ಏನಾಯಿತು, ಏನಾಯಿತು’ ಎಂದು ಪದೇ ಪದೇ ವಿಚಾರಿಸುತ್ತ ಹೋದದ್ದೇ ಹೊರೆಯಾಯಿತು. ತಡವಾದಷ್ಟೂ ಕೇಳುವುದು ಹೆಚ್ಚು, ಕೇಳಿದಷ್ಟೂ ತಡ. ಒಂದು ಸಲ ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬ ನಿಯಮ ಎಲ್ಲೋ ಒಂದು ಕಡೆ ಬಿಗಿಯಾಗಿರಲಿಲ್ಲ, ಅಷ್ಟೇ.

ಬೇಕೆಂದೇ ಒತ್ತುವವರೂ ಇರುತ್ತಾರೆ. ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶದ ಮೇಲೆ 2025ರ ಜನವರಿಯಲ್ಲಿ ನಡೆದದ್ದು ಅದೇ. ಹದಿನಾಲ್ಕು ಐಪಿ ವಿಳಾಸಗಳಿಂದ 62 ಖಾತೆಗಳ ಮೂಲಕ ಎರಡೇ ಗಂಟೆಯಲ್ಲಿ ಲಕ್ಷಗಟ್ಟಲೆ ಸುಳ್ಳು ವಿನಂತಿಗಳು ಬಂದವು ಎಂದು ಪತ್ರಿಕೆಗಳು ವರದಿ ಮಾಡಿದವು. ಸೈಬರ್ ಪೊಲೀಸರಿಗೆ ದೂರು ಹೋಯಿತು. ಜಾಗ ಮಾರಿ ಮಗಳ ಮದುವೆಗೆ ಹಣ ಹೊಂದಿಸಲು ಉಪನೋಂದಣಿ ಕಚೇರಿಯ ಬೆಂಚಿನಲ್ಲಿ ಕುಳಿತವರಿಗೆ ‘ಡಿಡಾಸ್ ದಾಳಿ’ ಎಂದರೆ ಏನು ಅರ್ಥವಾದೀತು? ಒಂದು ಖಾತೆಯಿಂದ ನಿಮಿಷಕ್ಕೆ ಎಷ್ಟು ಹುಡುಕಾಟಕ್ಕೆ ಅವಕಾಶ ಕೊಡಬೇಕು ಎಂಬ ಮಿತಿ ಒಂದು ಸಣ್ಣ ಸಂಖ್ಯೆ. ಅದನ್ನು ಯಾರೋ ಕುಳಿತು ನಿರ್ಧರಿಸಬೇಕು. ಡೇಟಾ ಕಾಯುವ ಹೊಣೆಗೆ ಈಗ ಕಾನೂನಿನ ಬೆಂಬಲವೂ ಬಂದಿದೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ತಕ್ಕ ಭದ್ರತೆ ಇಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡ ಬೀಳಬಹುದು. ನಾವೋ, ಲ್ಯಾಬ್ ಪ್ರಾಜೆಕ್ಟಿನ ಪಾಸ್‌ವರ್ಡನ್ನು ಕೋಡಿನ ಒಳಗೇ ಬರೆದು ಗಿಟ್‌ಹಬ್‌ಗೆ ಏರಿಸುತ್ತೇವೆ.

ದುಡ್ಡಿನ ಹೊಣೆಯ ಪಾಠ ನನಗೆ ದುಬಾರಿಯಾಗಿಯೇ ಆಯಿತು. ಮಿನಿ ಪ್ರಾಜೆಕ್ಟಿಗೆಂದು ಒಂದು ಕ್ಲೌಡ್ ಕಂಪನಿಯಲ್ಲಿ ಅಪ್ಪನ ಡೆಬಿಟ್ ಕಾರ್ಡ್ ಕೊಟ್ಟು ಖಾತೆ ತೆರೆದಿದ್ದೆ. ‘ಉಚಿತ’ ಎಂದು ಬರೆದಿತ್ತು. ಯೂಟ್ಯೂಬಿನಲ್ಲಿ ನೋಡಿಕೊಂಡು ನ್ಯಾಟ್ ಗೇಟ್‌ವೇ ಎಂಬುದೊಂದನ್ನು ಸೇರಿಸಿದೆ. ಅದು ಉಚಿತದ ಪಟ್ಟಿಯಲ್ಲಿ ಇರಲಿಲ್ಲ. ಬಳಸಿದರೂ ಬಳಸದಿದ್ದರೂ ಗಂಟೆಗಿಷ್ಟು ಎಂದು ಮೀಟರ್ ಓಡುತ್ತದೆ. ವೈವಾ ಮುಗಿದ ಖುಷಿಯಲ್ಲಿ ಸರ್ವರ್ ಆಫ್ ಮಾಡಿದೆ, ಗೇಟ್‌ವೇ ಮರೆತೆ. ತಿಂಗಳು ಕಳೆದು ನಾಲ್ಕು ಸಾವಿರದ ಹತ್ತಿರ ಖಾತೆಯಿಂದ ಹೋಯಿತು. ರಬ್ಬರ್ ಶೀಟ್ ಮಾರಿದ ಹಣ ಅದು. ಅಪ್ಪ ಬೈಯಲಿಲ್ಲ. ‘ಬಾವಿಯ ಪಂಪು ಆಫ್ ಮಾಡದೆ ಮಲಗಿದ ಹಾಗಾಯಿತು’ ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಅದೇ ಅಣ್ಣ ಹೇಳುವಂತೆ ಕಂಪನಿಗಳಲ್ಲೂ ಇದೇ ಕಥೆ, ಸೊನ್ನೆಗಳು ಮಾತ್ರ ಹೆಚ್ಚು. ಮೊದಲೇ ಬಜೆಟ್ ಎಚ್ಚರಿಕೆ ಇಡುವುದು, ಯಾವ ಯಂತ್ರ ಯಾರದ್ದು ಎಂದು ಚೀಟಿ ಅಂಟಿಸುವುದು, ರಾತ್ರಿ ಬೇಡದ್ದನ್ನು ಆರಿಸುವುದು, ಇವೆಲ್ಲ ಆರ್ಕಿಟೆಕ್ಟನ ಕೆಲಸವೇ. ನಾನೀಗ ಹೊಸ ಖಾತೆ ತೆರೆದ ಕೂಡಲೇ ಮಾಡುವ ಮೊದಲ ಕೆಲಸ ನೂರು ರೂಪಾಯಿ ದಾಟಿದರೆ ಇಮೇಲ್ ಬರುವಂತೆ ಇಡುವುದು.

ಹಾಗಾದರೆ ಕೆಲಸ ಹುಡುಕುವವರು ಏನು ಮಾಡಬೇಕು? ಒಂದು ಮಾತು ನೇರವಾಗಿ ಹೇಳುತ್ತೇನೆ, ಕೆಲವರಿಗೆ ಬೇಸರವಾದೀತು. ಬಿ.ಇ. ಮುಗಿಸಿದ ಕೂಡಲೇ ಯಾರೂ ಕ್ಲೌಡ್ ಆರ್ಕಿಟೆಕ್ಟ್ ಆಗುವುದಿಲ್ಲ. ನಾಲ್ಕು ಮನೆ ಕಟ್ಟದವನ ಕೈಗೆ ಯಾರು ನಕ್ಷೆ ಕೊಡುತ್ತಾರೆ? ಸಪೋರ್ಟ್ ಎಂಜಿನಿಯರ್, ಸಿಸ್ಟಮ್ ಅಡ್ಮಿನ್, ಡೆವಲಪರ್, ಡೆವ್‌ಆಪ್ಸ್ ಎಂದು ಎಲ್ಲೋ ಒಂದು ಕಡೆಯಿಂದ ಹತ್ತಿ ಬರಬೇಕು. ರಾತ್ರಿ ಎರಡು ಗಂಟೆಗೆ ಫೋನ್ ಬಂದು ಎದ್ದು ಕೂತು ಕೆಟ್ಟದ್ದನ್ನು ಸರಿಮಾಡಿದ ಅನುಭವ ಬೇಕು. ಮೂರು ತಿಂಗಳ ಕೋರ್ಸಿನಲ್ಲಿ ಅದು ಸಿಗುವುದಿಲ್ಲ, ಎಷ್ಟೇ ಫೀಸ್ ಕೊಟ್ಟರೂ.

ಸರ್ಟಿಫಿಕೇಶನ್ ಬೇಡವೆಂದು ನಾನು ಹೇಳುತ್ತಿಲ್ಲ. ಅಮೆಜಾನಿನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಗೆ 150 ಡಾಲರ್. 65 ಪ್ರಶ್ನೆ, 130 ನಿಮಿಷ, ಪಾಸಾದರೆ ಮೂರು ವರ್ಷದ ಮಾನ್ಯತೆ. ಓದಲು ಒಂದು ಶಿಸ್ತು ಸಿಗುತ್ತದೆ, ರೆಸ್ಯೂಮೆಯ ಮೇಲೆ ಒಂದು ಕಣ್ಣು ಬೀಳುತ್ತದೆ. ಆದರೆ ಸಾಲ ಮಾಡಿ ಆ ಹಣ ಕಟ್ಟುವ ಮೊದಲು ಖರ್ಚಿಲ್ಲದ ಕೆಲಸಗಳಿವೆ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಅದರಲ್ಲೇ ಬದುಕುವುದು. ಬ್ರೌಸರಿನಲ್ಲಿ ಒಂದು ವಿಳಾಸ ಒತ್ತಿದ ಮೇಲೆ ಡಿಎನ್‌ಎಸ್‌ನಿಂದ ಹಿಡಿದು ಡೇಟಾಬೇಸಿನವರೆಗೆ ಏನೇನು ನಡೆಯುತ್ತದೆ ಎಂದು ತಡವರಿಸದೆ ಹೇಳಲು ಕಲಿಯುವುದು. 2025ರ ಅಕ್ಟೋಬರ್ 20ರಂದು ಅಮೆಜಾನಿನ ಅಮೆರಿಕದ ವರ್ಜೀನಿಯಾ ಕೇಂದ್ರ ಕುಸಿದು ಜಗತ್ತಿನ ನೂರಾರು ಆ್ಯಪ್‌ಗಳು ನಿಂತಾಗ ಮೂಲ ಕಾರಣ ಇದ್ದದ್ದು ಒಂದು ಡಿಎನ್‌ಎಸ್ ದಾಖಲೆ ಖಾಲಿಯಾದದ್ದರಲ್ಲಿ. ನಾವು ಎರಡನೇ ವರ್ಷದಲ್ಲಿ ‘ಇದೆಲ್ಲ ಹಳೆಯದು’ ಎಂದು ದಾಟಿಸಿಬಿಡುವ ಪಾಠವದು. ಇನ್ನೊಂದು, ಬರೆಯಲು ಕಲಿಯುವುದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನ್ನಂಥವರು ಇಂಗ್ಲಿಷಿಗೆ ಹೆದರಿ ಬರವಣಿಗೆಯಿಂದಲೇ ದೂರ ಓಡುತ್ತೇವೆ. ಮೊದಲು ಕನ್ನಡದಲ್ಲೇ ಒಂದು ಪುಟ ಬರೆದು ನೋಡಿ: ಈ ಡೇಟಾಬೇಸನ್ನೇ ಯಾಕೆ ಆರಿಸಿದೆ? ಕನ್ನಡದಲ್ಲಿ ಬರೆಯಲಾಗದಿದ್ದರೆ ನಮಗೆ ಅರ್ಥವಾಗಿಲ್ಲ ಎಂದೇ ಲೆಕ್ಕ.

ಅಮೆಜಾನ್ ಆ ಕುಸಿತದ ಬಳಿಕ ಏನು, ಹೇಗೆ, ಯಾವ ನಿಮಿಷದಲ್ಲಿ ಕೆಟ್ಟಿತು ಎಂದು ಉದ್ದನೆಯ ವಿವರಣೆ ಪ್ರಕಟಿಸಿತು. ನಮ್ಮ ಸೇವಾ ಪೋರ್ಟಲ್‌ಗಳು ಕೆಟ್ಟಾಗ ಬಾಗಿಲಿಗೆ ಅಂಟಿಸುವ ಚೀಟಿಯಲ್ಲಿ ಇರುವುದು ಎರಡೇ ಪದ: ‘ತಾಂತ್ರಿಕ ದೋಷ’. ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ಪ್ರತಿ ವ್ಯವಸ್ಥೆಯೂ ಒಂದು ದಿನಕ್ಕಿಂತ ಹೆಚ್ಚು ಕೆಟ್ಟರೆ ಕಾರಣವನ್ನು ಕನ್ನಡದಲ್ಲಿ ಬರೆದು ಪ್ರಕಟಿಸಬೇಕು ಎಂಬ ನಿಯಮ ಬಂದರೆ ಎಷ್ಟು ಚೆನ್ನ. ಎಂಜಿನಿಯರಿಂಗ್ ಕಾಲೇಜುಗಳಿಗೆ ಅದಕ್ಕಿಂತ ಒಳ್ಳೆಯ ಪಠ್ಯ ಸಿಗದು. ಲ್ಯಾಬ್ ಪರೀಕ್ಷೆಯಲ್ಲೂ ‘ಕಟ್ಟಿ ತೋರಿಸು’ ಎನ್ನುವ ಬದಲು ಕಟ್ಟಿದ ವ್ಯವಸ್ಥೆಯ ಒಂದು ಸರ್ವರನ್ನು ಮೇಷ್ಟ್ರು ಕಿತ್ತುಹಾಕಿ ‘ಈಗ ನಡೆಸಿ ತೋರಿಸು’ ಎನ್ನಲಿ. ಅರ್ಧ ಕ್ಲಾಸ್ ಫೇಲಾಗುತ್ತದೆ, ನಾನೂ ಸೇರಿ. ಆಗಲಿ.

ಹಾಲಿನ ಸೊಸೈಟಿಯ ಚಿತ್ರವನ್ನು ನಾನು ಪುನಃ ಬರೆದಿದ್ದೇನೆ. ಬಣ್ಣದ ಚೌಕಗಳು ಕಡಿಮೆಯಾಗಿವೆ. ನೆಟ್‌ವರ್ಕ್ ಇಲ್ಲದಿದ್ದರೆ ಲೆಕ್ಕ ಸೊಸೈಟಿಯ ಫೋನಿನಲ್ಲೇ ಉಳಿಯುತ್ತದೆ, ಹಾಲು ಹಾಕಿದವರಿಗೆ ಅಲ್ಲೇ ಒಂದು ಚೀಟಿ ಸಿಗುತ್ತದೆ, ಟವರ್ ಬಂದ ಮೇಲೆ ಎಲ್ಲ ಒಟ್ಟಿಗೆ ಮೇಲಕ್ಕೆ ಹೋಗುತ್ತದೆ. ಹೆಮ್ಮೆಯಿಂದ ಅಣ್ಣನಿಗೆ ವಾಟ್ಸ್‌ಆ್ಯಪ್ ಮಾಡಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು: ‘ಚೆನ್ನಾಗಿದೆ. ಎರಡು ಫೋನಿನಲ್ಲಿ ಒಂದೇ ನಂಬರಿಗೆ ಬೇರೆ ಬೇರೆ ಲೀಟರ್ ದಾಖಲಾಗಿದ್ದರೆ ಯಾವುದನ್ನು ನಂಬ್ತೀ?’

ಮೂರು ದಿನದಿಂದ ಅದರ ಮುಂದೆಯೇ ಕುಳಿತಿದ್ದೇನೆ.